ವಾರಂ ಪರ್ಸಿ: ದೀಪ ಹಚ್ಚೋರಿಲ್ಲದ ಊರಿನ ಲೆಕ್ಕ

ಅಪ್ಪ ಮೂವತ್ತು ವರ್ಷ ಗ್ರಾಮ ಲೆಕ್ಕಿಗರಾಗಿದ್ದೋರು, ತುಮಕೂರು ಜಿಲ್ಲೆಯ ಅರ್ಧ ಹಳ್ಳಿಗಳನ್ನ ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್ ಆಗಿ ಸುತ್ತಿದ್ದಾರೆ. ಹಂಗಾಗಿ ಇಂಗ್ಲೆಂಡಿನ ಲೀಡ್ಸ್‌ಗೆ ನಮ್ಮನೆಗೆ ಬಂದಾಗ ಕೋಟೆ, ಅರಮನೆ ಏನು ತೋರಿಸಿದ್ರೂ ಹೂಂ ಹೂಂ ಅಂತ ತಲೆ ಆಡಿಸೋರು ಅಷ್ಟೆ, ಯಾರ್ಕ್‌ನ ಆ ದೊಡ್ಡ ಚರ್ಚ್ ನೋಡಿನೂ "ಚೆನ್ನಾಗಿದೆ, ಕಾಫಿ ಎಲ್ಲಿ ಸಿಗುತ್ತೆ" ಅಂದ್ರು. ಒಂದು ಭಾನುವಾರ ಬೇರೇನೂ ತೋಚದೆ ಮಾಲ್ಟನ್ ಕಡೆ ಇರೋ ವಾರಂ ಪರ್ಸಿ ಅನ್ನೋ ಜಾಗಕ್ಕೆ ಕರ್ಕೊಂಡು ಹೋದೆ. ಅಲ್ಲಿ ನೋಡೋಕೆ ಏನಿದೆ ಅಂತ ಕೇಳಿದ್ರೆ ಹೇಳೋದು ಕಷ್ಟ. ಕಾರ್ ನಿಲ್ಲಿಸಿ ಮುಕ್ಕಾಲು ಮೈಲಿ ನಡೀಬೇಕು, ಕೊನೇಲಿ ಸೂರಿಲ್ಲದ ಒಂದು ಚರ್ಚು, ಅದರ ಗೋಪುರ ಉದ್ದಕ್ಕೆ ಸೀಳಿದಂಗೆ ಅರ್ಧ ಮಾತ್ರ ನಿಂತಿದೆ, ಕೆಳಗೆ ಸಣ್ಣ ಕೊಳ, ಪಕ್ಕದಲ್ಲಿ ಹಳೇ ಕಾಟೇಜುಗಳು, ಮೇಲೆ ದಿಣ್ಣೆ ತುಂಬ ಹುಲ್ಲು. ಹುಲ್ಲಿನ ಕೆಳಗೆ ಉಬ್ಬು ತಗ್ಗು. ಅಷ್ಟೆ. ಎಂಟ್ರಿ ಫ್ರೀ, ಗೇಟ್‌ನಲ್ಲಿ ಯಾರೂ ಇರಲ್ಲ.

ನಾನು "ಸಾರಿ ಅಪ್ಪ, ಇಷ್ಟೇ ಇರೋದು" ಅಂತ ಹೇಳೋಕೆ ಹೊರಟೆ, ತಿರುಗಿ ನೋಡಿದ್ರೆ ಅವರು ಆ ದಿಣ್ಣೆ ಮೇಲೆ ಕೈ ಹಿಂದೆ ಕಟ್ಕೊಂಡು ಹೆಜ್ಜೆ ಎಣಿಸ್ತಾ ಇದಾರೆ. "ಲೋ, ಇದು ಗ್ರಾಮಠಾಣ ಕಣೋ" ಅಂದ್ರು. "ಇಲ್ಲಿ ನೋಡು, ಇದು ಓಣಿ. ಇದು ಮನೆ ಪಾಯ, ಒಂದೊಂದು ಮನೆಗೂ ಹಿಂದೆ ಹಿತ್ತಲು, ಎಲ್ಲಾ ಒಂದೇ ಅಳತೆ, ಯಾರೋ ಹಗ್ಗ ಹಿಡಿದು ಹಂಚಿದಾರೆ. ಬೇಚರಾಕ್ ಊರು ಇದು."

ಬೇಚರಾಕ್ ಅಂದ್ರೆ ಗೊತ್ತಿಲ್ಲದೋರಿಗೆ: ನಮ್ಮ ರೆವಿನ್ಯೂ ದಾಖಲೆಗಳಲ್ಲಿ ಹೆಸರಿದೆ, ಸರ್ವೆ ನಂಬರ್ ಇದೆ, ಜಮೀನಿದೆ, ಆದ್ರೆ ಜನ ವಾಸ ಇಲ್ಲ ಅನ್ನೋ ಹಳ್ಳಿಗಳನ್ನ ಹಂಗೆ ಬರೀತಾರೆ. ಪರ್ಷಿಯನ್ ಮಾತು, ಬೇ ಚಿರಾಗ್, ದೀಪ ಇಲ್ಲದ್ದು. ಸಂಜೆ ದೀಪ ಹಚ್ಚೋರಿಲ್ಲದ ಊರು. ಕರ್ನಾಟಕದಲ್ಲಿ ಎಷ್ಟೋ ತಾಲೂಕಿನ ಪಟ್ಟಿಯಲ್ಲಿ ಇಂಥವು ಸಿಗ್ತವೆ.

ಆಮೇಲೆ ಅಪ್ಪ ನಾಲ್ಕು ಪ್ರಶ್ನೆ ಕೇಳಿದ್ರು, ಫಾರಂ ತುಂಬೋರ ಥರ. ಎಷ್ಟು ಮನೆ ಇತ್ತು, ಯಾವಾಗ ಖಾಲಿ ಆಯ್ತು, ಯಾಕೆ ಆಯ್ತು, ಜಮೀನು ಯಾರ ಹೆಸರಿಗೆ ಹೋಯ್ತು. ನಾನು ಎಲ್ಲರ ಹಾಗೆ "ಪ್ಲೇಗ್ ಬಂದು ಎಲ್ಲಾ ಸತ್ತೋದ್ರು ಅನ್ಸುತ್ತೆ" ಅಂದೆ. ಅವರು ಹುಲ್ಲು ನೋಡ್ತಾನೇ "ಪ್ಲೇಗ್ ಬಂದ್ರೆ ಊರು ಇಷ್ಟು ನೀಟಾಗಿ ಹೋಗಲ್ಲ" ಅಂದ್ರು. ಅದು ತಲೇಲಿ ಕೂತ್ಬಿಡ್ತು. ಅವರು ವಾಪಸ್ ಹೋದ ಮೇಲೆ ಚಳಿಗಾಲ ಪೂರ್ತಿ ಕೂತು ಓದಿದೆ, ಅವರು ಹೇಳಿದ್ದೇ ಸರಿ, ಆದ್ರೆ ಪೂರ್ತಿ ಸರಿ ಅಲ್ಲ.

ಊರು ಹುಟ್ಟಿದ್ದು

ಇದು ಇರೋದು ಯಾರ್ಕ್‌ಶೈರ್ ವೋಲ್ಡ್ಸ್ ಅನ್ನೋ ಸೀಮೆಸುಣ್ಣದ ಗುಡ್ಡಗಳ ಪಶ್ಚಿಮದ ಅಂಚಲ್ಲಿ. ಸುಣ್ಣದ ಕಲ್ಲು ನೀರು ಹಿಡಿಯಲ್ಲ, ಮಳೆ ಬಿದ್ದಿದ್ದೆಲ್ಲ ಕೆಳಗಿಳಿದು ಹೋಗುತ್ತೆ, ಮೇಲ್ಗಡೆ ಗುಡ್ಡ ಒಣ ಒಣ. ಆ ನೀರು ಎಲ್ಲಿ ಕಣಿವೇಲಿ ಊಟೆಯಾಗಿ ಹೊರಗೆ ಬರುತ್ತೋ ಅಲ್ಲೇ ಜನ ನಿಲ್ಲೋದು. ವಾರಂ ಪರ್ಸಿಯ ಚರ್ಚ್ ಪಕ್ಕದ ಕೊಳಕ್ಕೆ ಈಗ್ಲೂ ಅದೇ ಊಟೆ ನೀರು. ಹಂಗಾಗಿ ಇಲ್ಲಿ ಕಬ್ಬಿಣದ ಯುಗದಿಂದಾನೂ ಜನ ಇದ್ದ ಗುರುತಿದೆ, ರೋಮನ್ನರ ಕಾಲದಲ್ಲೂ ತೋಟದ ಮನೆಗಳಿದ್ದವು, ಆಮೇಲೆ ಆಂಗ್ಲೋ-ಸ್ಯಾಕ್ಸನ್ನರು ಚೆಲ್ಲಾಪಿಲ್ಲಿ ಅಲ್ಲೊಂದು ಇಲ್ಲೊಂದು ಮನೆ ಮಾಡ್ಕೊಂಡಿದ್ರು. ಊರು ಅನ್ನೋ ಆಕಾರ, ಅಂದ್ರೆ ಅಪ್ಪ ಹೆಜ್ಜೇಲಿ ಅಳೆದ ಆ ಸಾಲು ಮನೆ ಮತ್ತೆ ಹಿತ್ತಲು, ಬಂದಿದ್ದು 10ರಿಂದ 12ನೇ ಶತಮಾನದ ನಡುವೆ. ಬೇರೆ ಬೇರೆ ಕಡೆ ಇದ್ದ ರೈತರನ್ನ ಒಂದು ಕಡೆ ಕೂರಿಸಿ, ಸುತ್ತಲೂ ಬಯಲು ಹೊಲ ಮಾಡಿ, ಆ ಹೊಲದಲ್ಲಿ ಪ್ರತಿಯೊಬ್ಬನಿಗೂ ಅಲ್ಲಿ ಇಲ್ಲಿ ಪಟ್ಟೆ ಪಟ್ಟೆಯಾಗಿ ಪಾಲು ಕೊಟ್ರು. ನೇಗಿಲು ಹೊಡೆದ ಆ ಉಬ್ಬು ಸಾಲುಗಳು ಹುಲ್ಲಿನ ಕೆಳಗೆ ಈಗ್ಲೂ ಅಲ್ಲಲ್ಲಿ ಕಾಣ್ತವೆ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಇನ್ನೂ ಚೆನ್ನಾಗಿ. ವಿಲಿಯಂ ರಾಜ 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಅನ್ನೋ ಜಮೀನು ಲೆಕ್ಕದ ದಾಖಲೇಲಿ ಊರಿನ ಹೆಸರಿದೆ. ಹಿಂದಿರೋ 'ಪರ್ಸಿ' ಅನ್ನೋದು ಆಮೇಲೆ ಜಮೀನ್ದಾರರಾದ ಮನೆತನದ್ದು, ಪಕ್ಕದಲ್ಲೇ ವಾರಂ-ಲ-ಸ್ಟ್ರೀಟ್ ಅಂತ ಇನ್ನೊಂದು ವಾರಂ ಇದೆ, ಅದು ಈಗ್ಲೂ ಬದುಕಿರೋ ಊರು.

ಮನೆಗಳ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಉದ್ದನೆ ಮನೆ, ಒಂದು ತುದೀಲಿ ಜನ ಇನ್ನೊಂದು ತುದೀಲಿ ದನ, ನಡುವೆ ಬಾಗಿಲು. ನಮ್ಮ ಬಯಲುಸೀಮೆಯ ಹಳೇ ಮನೆಗಳಲ್ಲಿ ಬಾಗಿಲು ದಾಟಿದ ಕೂಡ್ಲೇ ಎತ್ತುಗಳ ಮುಖ ಕಾಣ್ತಿತ್ತಲ್ಲ, ಹತ್ರ ಹತ್ರ ಹಂಗೇನೇ. ಮೊದಲು ಅಗೆದೋರು ಏನಂದ್ಕೊಂಡ್ರು ಅಂದ್ರೆ ಇವು ಗುಡಿಸಲು ಥರ, ಒಂದು ತಲೆಮಾರಿಗೊಮ್ಮೆ ಬಿದ್ದು ಹೋಗಿ ಮತ್ತೆ ಕಟ್ತಿದ್ರು, ಪಾಪದ ಜನ ಅಂತ. ಆಮೇಲೆ ಸ್ಟುವರ್ಟ್ ರ‍್ಯಾಥ್‌ಮೆಲ್ ಅನ್ನೋ ಪುರಾತತ್ವ ತಜ್ಞರು ಅದೇ ಪಾಯಗಳನ್ನ ಮತ್ತೆ ನೋಡಿ ಹಂಗಲ್ಲ ಅಂದ್ರು: ಸೂರಿನ ಭಾರ ಪೂರ್ತಿ ಬಾಗಿದ ಜೋಡಿ ಮರದ ತೊಲೆಗಳ ಮೇಲೆ ಇರ್ತಿತ್ತು, ಗೋಡೆ ಬರೀ ಪರದೆ, ಗೋಡೆ ಬಿದ್ದಾಗೆಲ್ಲ ಗೋಡೆ ಮಾತ್ರ ರಿಪೇರಿ ಮಾಡ್ತಿದ್ರು, ಮನೆ ಮಾತ್ರ ತಲೆಮಾರುಗಟ್ಟಲೆ ಅದೇ ಮನೆ. ಅಪ್ಪನಿಗೆ ಫೋನಲ್ಲಿ ಇದನ್ನ ವಿವರಿಸೋಕೆ ನಾನು ಒದ್ದಾಡ್ತಿದ್ರೆ ಅವರು "ಅಂಕಣ ಅನ್ನು, ಎಷ್ಟು ಅಂಕಣದ ಮನೆ" ಅಂದ್ರು. ಸರಿಯಾಗೇ ಹೇಳಿದ್ರು. ಎರಡು ಜೋಡಿ ತೊಲೆ ನಡುವಿನ ಜಾಗ ಅಂದ್ರೆ ಅಂಕಣಾನೇ. ಈ ವಿಷಯ ಇಲ್ಲಿ ಯಾಕೆ ಬಂತು ಅಂದ್ರೆ, ಗುಡಿಸಲು ಅಂತ ತಿಳ್ಕೊಂಡ್ರೆ ಊರು ಖಾಲಿ ಆಗಿದ್ದು ಸಹಜ ಅನ್ನಿಸುತ್ತೆ, ಗಟ್ಟಿ ಮನೆ ಅಂತ ಗೊತ್ತಾದಾಗ ಅದನ್ನ ಬಿಟ್ಟು ಹೋಗೋಕೆ ಕಾರಣಾನೂ ಗಟ್ಟಿಯಾಗೇ ಇರಬೇಕು ಅನ್ನಿಸುತ್ತೆ.

ಎಣಿಕೆ

ಇನ್ನು ಜನಸಂಖ್ಯೆಗೆ ಬರೋಣ. ಆ ಕಾಲದಲ್ಲಿ ಯಾರೂ ತಲೆ ಎಣಿಸ್ತಿರಲಿಲ್ಲ, ಎಣಿಸ್ತಿದ್ದಿದ್ದು ಕಂದಾಯ ಕೊಡೋ ಮನೇನ, ಉಳೋ ಜಮೀನ್ನ, ನೇಗಿಲನ್ನ. ಜಮೀನ್ದಾರ ಸತ್ತಾಗ ಅವನ ಆಸ್ತಿ ಎಷ್ಟು ಅಂತ ಸರ್ಕಾರದೋರು ಬಂದು ಮಹಜರು ಮಾಡ್ತಿದ್ರು, ಅಂಥ ಕಾಗದಗಳೇ ನಮಗಿರೋ ಸೆನ್ಸಸ್.

1323ರ ಒಂದು ದಾಖಲೆ ಇದೆ, ಅದನ್ನ ಓದಿದ್ರೆ ಊರು ಆಗ್ಲೇ ಮುಗೀತು ಅನ್ಸುತ್ತೆ. ಜಮೀನಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಬೀಳು ಬಿದ್ದಿದೆ, ಎರಡು ಹಿಟ್ಟಿನ ಗಿರಣಿ ಹಾಳಾಗಿವೆ. ಪ್ಲೇಗ್ ಬರೋಕೆ ಇನ್ನೂ ಇಪ್ಪತ್ತೈದು ವರ್ಷ ಇತ್ತು ಆಗ! 1315ರಿಂದ 1317ರ ತನಕ ಯುರೋಪಿಗೆಲ್ಲ ಮಳೆ ಹೊಡೆದು ಬೆಳೆ ಕೊಳೆತು ದೊಡ್ಡ ಬರ, ಅದರ ಬೆನ್ನಿಗೆ ದನಕರುಗಳಿಗೆ ರೋಗ, ಆಮೇಲೆ 1322ರಲ್ಲಿ ಸ್ಕಾಟ್ಲೆಂಡಿನ ಸೈನ್ಯ ಯಾರ್ಕ್‌ಶೈರ್ ತನಕ ನುಗ್ಗಿ ಸಿಕ್ಕಿದ್ದೆಲ್ಲ ಸುಟ್ಟು ದೋಚ್ಕೊಂಡು ಹೋಯ್ತು. ಮೂರೂ ಸೇರಿ ಊರನ್ನ ನೆಲಕ್ಕೆ ಕೆಡವಿದ್ವು.

ಆಮೇಲೆ 1349ರಲ್ಲಿ ಪ್ಲೇಗ್. ಇಡೀ ಇಂಗ್ಲೆಂಡಿನಲ್ಲಿ ಮೂರರಲ್ಲೊಂದು ಪಾಲಿಂದ ಅರ್ಧದ ತನಕ ಜನ ಸತ್ರು ಅನ್ನೋದು ಸಾಮಾನ್ಯವಾಗಿ ಒಪ್ಪೋ ಅಂದಾಜು. ವಾರಂ ಪರ್ಸಿಯನ್ನ ಅದು ಬಿಡೋಕೆ ಸಾಧ್ಯಾನೇ ಇಲ್ಲ. ಆದ್ರೆ ಪ್ಲೇಗ್ ಆಗಿ ಸುಮಾರು ಇಪ್ಪತ್ತು ವರ್ಷಕ್ಕೆ, 1368ರಲ್ಲಿ, ಊರಲ್ಲಿ ಸುಮಾರು 30 ಮನೇಲಿ ಜನ ವಾಸ ಇದ್ರು ಅಂತ ದಾಖಲೆ ಹೇಳುತ್ತೆ. ಮನೆಗೆ ಐದು ಜನ ಅಂತ ಹಿಡಿದ್ರೂ ನೂರೈವತ್ತು ತಲೆ. ಬರ, ದಂಡು, ಪ್ಲೇಗ್ ಮೂರನ್ನೂ ನುಂಗಿ ನಿಂತ ಊರು. ಈ ಒಂದು ಅಂಕಿ ಸಾಕು ಆ ಪ್ಲೇಗ್ ಕಥೆ ಬಿದ್ದೋಗೋಕೆ, ಆದ್ರೂ ಇವತ್ತಿಗೂ ಇಂಗ್ಲೆಂಡಿನಲ್ಲಿ ಯಾವ ಹಾಳೂರಿನ ಹತ್ರ ಹೋಗಿ ಯಾರನ್ನ ಕೇಳಿದ್ರೂ ಮೊದ್ಲು ಬರೋ ಉತ್ತರ ಬ್ಲ್ಯಾಕ್ ಡೆತ್. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಇಳಿಯೋಕೆ ಶುರುವಾಗಿದ್ದು ಅದರ ನಂತರ. 15ನೇ ಶತಮಾನದ ಮಧ್ಯದ ಹೊತ್ತಿಗೆ ಮನೆ ಸಂಖ್ಯೆ ಹತ್ರ ಹತ್ರ ಅರ್ಧಕ್ಕೆ ಬಂದಿತ್ತು. 1500ರ ಹೊತ್ತಿಗೆ ಉಳಿದಿದ್ದು ನಾಲ್ಕು. ಆ ನಾಲ್ಕೂ ಹೋದ್ವು.

ಇದೇ ಕಥೇನ ಇನ್ನೊಂದು ಥರಾನೂ ಓದಬಹುದು, ಚರ್ಚಿನ ಗೋಡೆ ನೋಡಿ. ನನಗೆ ಇಡೀ ಜಾಗದಲ್ಲಿ ಬಹಳ ಹಿಡಿಸಿದ್ದು ಇದೇ. ಮೊದಲು 10ನೇ ಶತಮಾನದಲ್ಲಿ ಮರದ ಸಣ್ಣ ಚರ್ಚು, ಆಮೇಲೆ ಕಲ್ಲಿಂದು, ಜನ ಜಾಸ್ತಿ ಆದಂಗೆ 12-13ನೇ ಶತಮಾನದಲ್ಲಿ ಎರಡೂ ಪಕ್ಕಕ್ಕೆ ಒಂದೊಂದು ಪಡಸಾಲೆ ಸೇರಿಸಿ ಅಗಲ ಮಾಡಿದ್ರು, ಗೋಡೆ ಒಡೆದು ಕಮಾನು ಇಟ್ರು. ಜನ ಕಡಿಮೆ ಆದಂಗೆ ಆ ಪಡಸಾಲೆಗಳನ್ನ ಕೆಡವಿ ಕಮಾನುಗಳ ಒಳಗೆ ಕಲ್ಲು ತುಂಬಿ ಮುಚ್ಚಿದ್ರು. ಆ ಮುಚ್ಚಿದ ಕಮಾನು ಈಗ್ಲೂ ಗೋಡೇಲಿ ಎದ್ದು ಕಾಣುತ್ತೆ, ಹಳೇ ಗಾಯದ ಗುರುತಿನ ಥರ. 17ನೇ ಶತಮಾನದಲ್ಲಿ ಪೂರ್ವದ ತುದೀನೂ ಮೊಟಕು ಮಾಡಿದ್ರು. ಯಾವ ಕಾಗದಾನೂ ಇಲ್ಲದಿದ್ರೂ ಆ ಗೋಡೆ ಮುಂದೆ ನಿಂತ್ರೆ ಊರು ಎಷ್ಟು ಊದಿತ್ತು ಎಷ್ಟು ಸೊರಗ್ತು ಅಂತ ಹೇಳಬಹುದು.

ಕುರಿ ಬಂತು

ಈಗ ಯಾಕೆ ಅನ್ನೋದು. ಸಾಮಾನ್ಯವಾಗಿ ಎರಡನೇ ಉತ್ತರ, ಸ್ವಲ್ಪ ಓದ್ಕೊಂಡೋರು ಹೇಳೋದು: ಕುರಿ. ಅದರಲ್ಲಿ ಬಹಳ ಸತ್ಯ ಇದೆ. ಪ್ಲೇಗ್ ಆದ ಮೇಲೆ ತಿನ್ನೋ ಬಾಯಿ ಕಡಿಮೆ, ಹಾಗಾಗಿ ಧಾನ್ಯದ ಬೆಲೆ ಬಿತ್ತು. ಕೆಲಸದ ಕೈ ಕಡಿಮೆ, ಹಾಗಾಗಿ ಕೂಲಿ ಏರ್ತು. ಜಮೀನ್ದಾರನಿಗೆ ಎರಡೂ ಕಡೆಯಿಂದ ಹೊಡೆತ. ಅದೇ ಟೈಮಲ್ಲಿ ಬಟ್ಟೆ ವ್ಯಾಪಾರ ಬೆಳೀತಾ ಇದೆ, ಉಣ್ಣೆಗೆ ಗಿರಾಕಿ ಇದೆ. ಮೂವತ್ತು ಮನೆ ರೈತರು ಉಳ್ತಿದ್ದ ಜಾಗದಲ್ಲಿ ಹುಲ್ಲು ಬಿಟ್ರೆ ಕುರಿ ಮೇಯಿಸೋಕೆ ಒಬ್ಬ ಕುರುಬ ಒಂದು ನಾಯಿ ಸಾಕು. ಒಣ ಸುಣ್ಣದ ಗುಡ್ಡ ಅಂದ್ರೆ ಕುರಿಗೆ ಹೇಳಿ ಮಾಡಿಸಿದ ಜಾಗ ಬೇರೆ.

15ನೇ ಶತಮಾನದ ಶುರುವಲ್ಲಿ ಪರ್ಸಿ ಮನೆತನದಿಂದ ಊರು ಹಿಲ್ಟನ್ ಅನ್ನೋ ಮನೆತನಕ್ಕೆ ವಿನಿಮಯವಾಗಿ ಹೋಯ್ತು, ಇವರ ಕೋಟೆ ಇರೋದು ಉತ್ತರದಲ್ಲಿ ಡರ್ಹಮ್ ಕಡೆ. ಅಂದ್ರೆ ಒಡೆಯ ಊರಲ್ಲಿಲ್ಲ. ಕೊನೇ ನಾಲ್ಕು ಕುಟುಂಬಗಳನ್ನ ಎಬ್ಬಿಸಿ ಮನೆ ಕೆಡವಿಸಿದ್ದು ಬ್ಯಾರನ್ ಹಿಲ್ಟನ್, 1488ಕ್ಕೂ 1500ಕ್ಕೂ ನಡುವೆ ಯಾವಾಗ್ಲೋ. ಇದು ಹೆಂಗೆ ಗೊತ್ತು ಅಂದ್ರೆ ಸರ್ಕಾರಕ್ಕೇ ಆಮೇಲೆ ತಲೆಬಿಸಿ ಶುರುವಾಯ್ತು. ಊರೂರೇ ಹುಲ್ಲುಗಾವಲಾದ್ರೆ ದಂಡಿಗೆ ಆಳೆಲ್ಲಿ, ತೆರಿಗೆ ಎಲ್ಲಿ. 1489ರಲ್ಲಿ ಏಳನೇ ಹೆನ್ರಿ ಕಾಲದಲ್ಲಿ ಊರು ಕೆಡವೋದರ ವಿರುದ್ಧ ಕಾಯ್ದೆ ಆಯ್ತು, ಯಾರೂ ಕೇರ್ ಮಾಡ್ಲಿಲ್ಲ, ಕೊನೆಗೆ ಎಂಟನೇ ಹೆನ್ರಿ ಕಾಲದಲ್ಲಿ 1517ರಲ್ಲಿ ರಾಜನ ಮುಖ್ಯ ಮಂತ್ರಿ ಕಾರ್ಡಿನಲ್ ವೂಲ್ಸಿ ಒಂದು ತನಿಖಾ ಆಯೋಗ ಕಳಿಸಿದ್ರು. ಆ ಆಯೋಗದ ವರದೀಲಿ ವಾರಂ ಪರ್ಸಿಗೆ ಸಿಕ್ಕಿರೋದು ಒಂದು ಸಣ್ಣ ನಮೂದು: ನಾಲ್ಕು ನೇಗಿಲು ನಿಂತವು, ನಾಲ್ಕು ಮನೆ ಹಾಳಾದವು, ಮಾಡಿದ್ದು ಬ್ಯಾರನ್ ಹಿಲ್ಟನ್. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರು ಅಂತಾರಲ್ಲ, ಅಷ್ಟೇ. ಆ ನಾಲ್ಕು ಕುಟುಂಬ ವಾಪಸ್ ಬರಲಿಲ್ಲ.

ಇಲ್ಲಿಗೆ ಕೇಸ್ ಕ್ಲೋಸ್ ಅಂತ ನಾನೂ ಅಂದ್ಕೊಂಡಿದ್ದೆ. ಆರೋಪಿ ಸಿಕ್ಕ, ಹೆಸರಿದೆ, ದಾಖಲೆ ಇದೆ. ಆಮೇಲೆ ಒಂದು ಸಂಜೆ ಅಡುಗೆ ಮಾಡ್ತಾ ಇದ್ದಾಗ ಹೊಳೀತು, ಹಿಲ್ಟನ್ ಎಬ್ಬಿಸಿದ್ದು ನಾಲ್ಕು ಮನೆ. 1368ರಲ್ಲಿ ಇದ್ದಿದ್ದು ಮೂವತ್ತು. ಮಧ್ಯದ ಇಪ್ಪತ್ತಾರು ಎಲ್ಲಿ?

ಅವರನ್ನ ಎಬ್ಬಿಸಿದ್ರು ಅಂತ ಎಲ್ಲೂ ಬರೆದಿಲ್ಲ. ಅವರು ಹೋದ್ರು, ಅನ್ನೋದು ನನ್ನ ಓದು. ಪ್ಲೇಗ್ ನಂತರದ ಇಂಗ್ಲೆಂಡ್ ಹೆಂಗಿತ್ತು ನೋಡಿ: 1300ರ ಹೊತ್ತಿಗೆ 50 ಲಕ್ಷದ ಆಸುಪಾಸು ಇದ್ದ ಜನ ನೂರು ವರ್ಷಕ್ಕೆ ಅರ್ಧಕ್ಕೆ ಇಳಿದಿದ್ದಾರೆ, ಎಲ್ಲಾ ಕಡೆ ಒಳ್ಳೇ ಜಮೀನು ಖಾಲಿ ಬಿದ್ದಿದೆ, ಕಣಿವೇಲಿ, ನೀರಿನ ಹತ್ರ, ಕಡಿಮೆ ಗೇಣಿಗೆ. ಪಕ್ಕದ ಒಡೆಯ ಕರೀತಾನೆ, ಬಾ, ಇಲ್ಲಿ ಬಿಟ್ಟಿ ಚಾಕರಿ ಇಲ್ಲ ಅಂತ. ಯಾರ್ಕ್ ಪಟ್ಟಣದಲ್ಲಿ ಕೂಲಿ ಚೆನ್ನಾಗಿದೆ. ಒಣ ಗುಡ್ಡದ ಮೇಲೆ ಅಜ್ಜನ ಕಾಲದ ಪಟ್ಟೆ ಹೊಲ ಉಳ್ಕೊಂಡು ಯಾಕೆ ಕೂರಬೇಕು? ಒಬ್ಬ ಹೋಗ್ತಾನೆ, ಅವನ ಪಾಲನ್ನ ಪಕ್ಕದೋನು ಹಿಡೀತಾನೆ, ಮೂರು ಹಿತ್ತಲು ಸೇರಿ ಒಂದಾಗುತ್ತೆ, ಉಳಿದೋನು ಸ್ವಲ್ಪ ದೊಡ್ಡ ರೈತ ಆಗ್ತಾನೆ, ಅವನೂ ನಾಲ್ಕು ಕುರಿ ಕಟ್ತಾನೆ. ಜಗಳ ಇಲ್ಲ, ಗಲಾಟೆ ಇಲ್ಲ, ಹಾಗಾಗಿ ದಾಖಲೇನೂ ಇಲ್ಲ. ಹಿಲ್ಟನ್ ಮಾಡಿದ್ದು ಅನ್ಯಾಯಾನೇ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಅವನು ಹೊಡೆದಿದ್ದು ಕೊನೇ ಮೊಳೆ. ಕಾನೂನು ಹುಡುಕ್ತಿದ್ದಿದ್ದು ಎಬ್ಬಿಸಿದೋರನ್ನ, ಹಾಗಾಗಿ ಅವನು ಸಿಕ್ಕಿಬಿದ್ದ. ಸುಮ್ಮನೆ ಗಂಟು ಮೂಟೆ ಕಟ್ಕೊಂಡು ಹೋದ ಇಪ್ಪತ್ತಾರು ಮನೆಯೋರನ್ನ ಯಾವ ಆಯೋಗಾನೂ ಹುಡುಕ್ಲಿಲ್ಲ.

ಮೂಳೆ ಹೇಳಿದ್ದು

ಇದಕ್ಕೆ ಸಾಕ್ಷಿ ಕಾಗದದಲ್ಲಿಲ್ಲ, ಸ್ಮಶಾನದಲ್ಲಿ ಸ್ವಲ್ಪ ಇದೆ. ಚರ್ಚಿನ ಅಂಗಳದಿಂದ ಅಗೆದು ತೆಗೆದಿದ್ದು 687 ಜನರ ಅಸ್ಥಿಪಂಜರ. ಒಂದು ಸಾಮಾನ್ಯ ಹಳ್ಳಿಯ ಸಾಮಾನ್ಯ ಜನ, ನೂರಾರು ವರ್ಷದೋರು, ಹಿಂಗೆ ಒಟ್ಟಿಗೆ ಸಿಗೋದು ಬಹಳ ಅಪರೂಪ. ದೊಡ್ಡೋರ ಮೂಳೆಗಳನ್ನ ಗಂಡು ಹೆಣ್ಣು ಅಂತ ವಿಂಗಡಿಸಿದಾಗ ಗಂಡಸರು ಎದ್ದು ಕಾಣೋ ಅಷ್ಟು ಜಾಸ್ತಿ. ಹೆಂಗಸರು ಎಲ್ಲಿ ಹೋದ್ರು? ಸೈಮನ್ ಮೇಸ್ ಅನ್ನೋ ಮೂಳೆ ತಜ್ಞರ ವಿವರಣೆ ಏನಂದ್ರೆ, ಹರೆಯದ ಹುಡುಗೀರು ಯಾರ್ಕ್‌ನಂಥ ಪಟ್ಟಣಕ್ಕೆ ಮನೆಕೆಲಸ ಅದು ಇದು ಅಂತ ಹೋಗಿ ಅಲ್ಲೇ ಉಳ್ಕೊಂಡ್ರು, ಅಲ್ಲೇ ಮಣ್ಣಾದ್ರು. ಊರಲ್ಲಿ ಹೆಣ್ಣು ಇಲ್ಲ ಅಂದ್ರೆ ಮದುವೆ ಇಲ್ಲ, ಮಕ್ಕಳಿಲ್ಲ. ಅಪ್ಪ ಇದನ್ನ ಕೇಳಿ ಒಂದು ನಿಮಿಷ ಮಾತಾಡ್ಲಿಲ್ಲ, ಆಮೇಲೆ "ನಮ್ಮೂರಲ್ಲೂ ಈಗ ಹುಡುಗ್ರಿಗೆ ಹೆಣ್ಣು ಕೊಡಲ್ಲ ಅಂತಾರೆ, ಎಲ್ಲಾ ಬೆಂಗಳೂರಿನ ಹುಡುಗನೇ ಬೇಕು" ಅಂದ್ರು.

ಮೂಳೆಗಳು ಇನ್ನೂ ಬೇಜಾನ್ ಹೇಳ್ತವೆ. ತಾಯಂದಿರು ಮಕ್ಕಳಿಗೆ ಒಂದೂವರೆ ವರ್ಷದ ತನಕ ಹಾಲು ಕೊಡ್ತಿದ್ರು, ಇದು ಮೂಳೆಯೊಳಗಿನ ರಾಸಾಯನಿಕ ನೋಡಿ ಕಂಡುಹಿಡಿದಿದ್ದು. ಆದ್ರೆ ಹಾಲು ಬಿಟ್ಟ ಮೇಲೆ ಊಟ ಸಾಲ್ತಿರಲಿಲ್ಲ, ಹತ್ತು ವರ್ಷದ ಮಗು ಈಗಿನ ಹತ್ತು ವರ್ಷದ ಮಗುಗಿಂತ ಸುಮಾರು 20 ಸೆಂಟಿಮೀಟರ್ ಗಿಡ್ಡ. ಇಪ್ಪತ್ತು ಸೆಂಟಿಮೀಟರ್ ಅಂದ್ರೆ ಒಂದು ಗೇಣು ಕಮ್ಮಿ! ಇನ್ನೊಬ್ಬ, ನಲವತ್ತರ ಆಸುಪಾಸಿನ ಗಂಡಸು, ಸಾವಿರ ವರ್ಷದ ಹಿಂದಿನೋನು, ತಲೆಗೆ ಯಾರೋ ಬಲವಾಗಿ ಹೊಡೆದು ಬುರುಡೆ ಒಳಕ್ಕೆ ಕುಸಿದಿದೆ, ಅದನ್ನ ಯಾರೋ ಕೆರೆದು ತೆಗೆದು ಸರಿ ಮಾಡಿದಾರೆ, ಗಾಯ ಪೂರ್ತಿ ಮಾಗಿದೆ, ಆಮೇಲೂ ಬದುಕಿದಾನೆ. ಹಳ್ಳಿ ರೈತನಿಗೆ ಆ ಕಾಲದಲ್ಲಿ ಬುರುಡೆ ಆಪರೇಷನ್.

2017ರಲ್ಲಿ ಪೇಪರ್‌ನಲ್ಲೆಲ್ಲ ಬಂದಿದ್ದು ಮಾತ್ರ ಇದಲ್ಲ, ಅದು ಬೇರೆ. ಸ್ಮಶಾನದಲ್ಲಲ್ಲ, ಮನೆಗಳ ನಡುವಿನ ಗುಂಡಿಗಳಲ್ಲಿ ಸಿಕ್ಕಿದ್ದ 137 ಮೂಳೆ, ಕಡಿಮೆ ಅಂದ್ರೂ ಹತ್ತು ಜನರದ್ದು, 11ರಿಂದ 14ನೇ ಶತಮಾನದ್ದು, ಅವುಗಳ ಮೇಲೆ ಚಾಕು ಗುರುತು, ಸುಟ್ಟ ಗುರುತು, ಎಲ್ಲಾ ಸತ್ತ ಮೇಲೆ ಆಗಿದ್ದು. ಹಿಸ್ಟಾರಿಕ್ ಇಂಗ್ಲೆಂಡ್ ಅನ್ನೋ ಸರ್ಕಾರಿ ಪರಂಪರೆ ಸಂಸ್ಥೆ ಮತ್ತೆ ಸೌತಾಂಪ್ಟನ್ ಯೂನಿವರ್ಸಿಟಿಯೋರ ಪ್ರಕಾರ ಸತ್ತೋರು ಎದ್ದು ಬಂದು ಕಾಡಬಾರದು ಅಂತ ಹೆಣ ಕಡಿದು ಸುಟ್ಟಿರೋ ಸಾಧ್ಯತೆ ಜಾಸ್ತಿ, ಬರಗಾಲದಲ್ಲಿ ಹೆಣ ತಿಂದಿರಬಹುದಾ ಅನ್ನೋದನ್ನೂ ನೋಡಿದ್ರು, ಗುರುತುಗಳು ಅದಕ್ಕೆ ಅಷ್ಟು ಹೊಂದಲಿಲ್ಲ. ಹೊರಗಿನೋರು ಇರಬಹುದಾ ಅಂತ ಹಲ್ಲು ಪರೀಕ್ಷೆ ಮಾಡಿದ್ರೆ ಅಲ್ಲಿನೋರೇ. ತಮ್ಮೂರಿನೋರಿಗೇ ಹೆದರಿದ್ದ ಜನ. ಜೊಂಬಿ ಊರು ಅಂತ ಹೆಡ್‌ಲೈನ್ ಓಡ್ತು, ನನ್ನ ಆಫೀಸಿನೋರಿಗೆ ವಾರಂ ಪರ್ಸಿ ಅಂದ್ರೆ ಗೊತ್ತಿರೋದು ಇದೊಂದೇ.

ಜನ ಇಲ್ಲ, ಚರ್ಚ್ ಇದೆ

ಊರು ಸತ್ತ ಮೇಲೂ ಚರ್ಚ್ ಸಾಯಲಿಲ್ಲ. ಯಾಕಂದ್ರೆ ಆ ಚರ್ಚಿಗೆ ಸೇರಿದ್ದು ಐದು ಊರು: ವಾರಂ ಪರ್ಸಿ, ಬರ್ಡೇಲ್, ರೇಸ್‌ಥಾರ್ಪ್, ಟೌಥಾರ್ಪ್, ತಿಕ್ಸೆಂಡೇಲ್. ಕಾಲ ಕಳೆದಂಗೆ ಇದರಲ್ಲಿ ನಾಲ್ಕು ಹಾಳೂರಾದ್ವು, ಉಳಿದಿದ್ದು ತಿಕ್ಸೆಂಡೇಲ್ ಒಂದೇ. ವಾರಂ ಪರ್ಸಿ ಏನೋ ವಿಶೇಷ ಅನ್ಕೊಂಡಿದ್ರೆ ಇಲ್ಲಿ ಗೊತ್ತಾಗುತ್ತೆ, ಒಂದೇ ಚರ್ಚಿನ ಐದರಲ್ಲಿ ನಾಲ್ಕು, ಮತ್ತೆ ಇಡೀ ಇಂಗ್ಲೆಂಡಿನಲ್ಲಿ ಇಂಥ ಮಧ್ಯಕಾಲದ ಹಾಳೂರು 3,000ದ ಲೆಕ್ಕದಲ್ಲಿ ಗುರುತಿಸಿದ್ದಾರೆ. ಆ ತಿಕ್ಸೆಂಡೇಲ್ ಜನ ಪ್ರತಿ ಭಾನುವಾರ, ಮದುವೆಗೆ, ಮಗು ನಾಮಕರಣಕ್ಕೆ, ಹೆಣ ಹೊತ್ಕೊಂಡು, ಗುಡ್ಡ ಹತ್ತಿ ಇಳಿದು ಈ ಯಾರೂ ಇಲ್ಲದ ಊರಿಗೆ ಬರ್ತಿದ್ರು, ಮುನ್ನೂರು ವರ್ಷಕ್ಕೂ ಮೇಲೆ. 1870ರಲ್ಲಿ ಅವರದ್ದೇ ಚರ್ಚ್ ಆದ ಮೇಲೆ ನಿಂತಿದ್ದು.

ನಡುವೆ ಊರು ಪೂರ್ತಿ ಖಾಲಿ ಇತ್ತು ಅಂತಾನೂ ಅಲ್ಲ. ಪಾದ್ರಿ ಮನೆ ಇತ್ತು, ಅದು 16ನೇ ಶತಮಾನದಲ್ಲಿ ಒಮ್ಮೆ ಬೆಂಕಿಗೆ ಸುಟ್ಟೋಯ್ತು. 18ನೇ ಶತಮಾನದಲ್ಲಿ ಕೃಷಿ ಸುಧಾರಣೆ ಗಾಳಿ ಬೀಸಿದಾಗ ಚರ್ಚ್ ಹತ್ರಾನೇ ಒಂದು ದೊಡ್ಡ ಫಾರಂ ಕಟ್ಟಿದ್ರು, ಕುರಿ ಹೋಗಿ ಮತ್ತೆ ಗೋಧಿ ಬಂತು, ಈಗಿರೋ ಕಾಟೇಜು ಅದರ ಪಳೆಯುಳಿಕೆ. ಆಮೇಲೆ 1853ರಲ್ಲಿ ಮಾಲ್ಟನ್‌ನಿಂದ ಡ್ರಿಫೀಲ್ಡ್‌ಗೆ ರೈಲು ಲೈನ್ ಬಂತು, ವಾರಂ ಅಂತ ಸ್ಟೇಷನ್ ಆಯ್ತು, ಸುಣ್ಣದ ಕಲ್ಲಿನ ಕ್ವಾರಿ ಆಯ್ತು, ಹೊಸ ಥರದ ಜನ ಬಂದ್ರು ಹೋದ್ರು. 1950ರಲ್ಲಿ ಪ್ಯಾಸೆಂಜರ್ ರೈಲು ನಿಂತ್ತು, 1958ರಲ್ಲಿ ಗೂಡ್ಸೂ ನಿಂತ್ತು. ಚರ್ಚಲ್ಲಿ ಕೊನೇ ಪ್ರಾರ್ಥನೆ 1949. ಆಮೇಲೆ ಯಾರೋ ಸೂರಿನ ಸೀಸ ಕದ್ರು, 1959ರಲ್ಲಿ ಗೋಪುರ ಬಿತ್ತು.

ಸರಿಯಾಗಿ ಆ ಟೈಮಿಗೇ ಮಾರಿಸ್ ಬೆರೆಸ್‌ಫರ್ಡ್ ಬಂದ್ರು. ಲೀಡ್ಸ್ ಯೂನಿವರ್ಸಿಟೀಲಿ ಆರ್ಥಿಕ ಇತಿಹಾಸದ ಮೇಷ್ಟ್ರು, ಅಗೆಯೋ ಕೆಲಸ ಗೊತ್ತಿಲ್ಲದ ಮನುಷ್ಯ. ಆಗಿನ ದೊಡ್ಡ ದೊಡ್ಡ ಇತಿಹಾಸಕಾರರು ಇಂಗ್ಲೆಂಡಿನಲ್ಲಿ ಹಾಳೂರು ಅನ್ನೋದೇ ಅಪರೂಪ ಅಂತಿದ್ರು, ಇವರು ಹಳೇ ನಕ್ಷೆ, ತೆರಿಗೆ ಪಟ್ಟಿ ಹಿಡ್ಕೊಂಡು ಹೊಲ ಹೊಲ ಸುತ್ತಿ ಇಲ್ಲ, ಸಿಕ್ಕಾಪಟ್ಟೆ ಇವೆ ಅಂತ ತೋರಿಸಿದ್ರು. 1948ರಲ್ಲಿ ಮೊದಲ ಸಲ ವಾರಂ ಪರ್ಸಿ ನೋಡಿದ್ರು, 1950ರಲ್ಲಿ ಊರು ಯಾವಾಗ ಖಾಲಿ ಆಯ್ತು ಅನ್ನೋ ಒಂದೇ ಪ್ರಶ್ನೆ ಇಟ್ಕೊಂಡು ಸುಮ್ಮನೆ ಗೋಡೆ ಗುಂಟ ಅಗೆಯೋಕೆ ಶುರು ಮಾಡಿದ್ರು. 1952ರಲ್ಲಿ ಜಾನ್ ಹರ್ಸ್ಟ್ ಅನ್ನೋ ನಿಜವಾದ ಪುರಾತತ್ವದೋರು ಸೇರ್ಕೊಂಡು, ಹಿಂಗೆ ಗೋಡೆ ಹುಡುಕ್ಕೊಂಡು ಹೋದ್ರೆ ಮರದ ಗುರುತೆಲ್ಲ ಹಾಳಾಗುತ್ತೆ ಅಂತ, ಡೆನ್ಮಾರ್ಕಿನೋರ ಥರ ದೊಡ್ಡ ಜಾಗ ಪೂರ್ತಿ ಬಿಚ್ಚಿ ಪದರ ಪದರವಾಗಿ ತೆಗೆಯೋ ಪದ್ಧತಿ ತಂದ್ರು. ಪ್ರತಿ ಬೇಸಿಗೇಲಿ ಕೆಲವು ವಾರ, ಸ್ಟೂಡೆಂಟ್ಸು, ಮೇಷ್ಟ್ರುಗಳು, ಸುಮ್ಮನೆ ಆಸಕ್ತಿ ಇರೋರು ಎಲ್ಲಾ ಬರೋರು. 1990ರ ತನಕ, ನಲವತ್ತು ವರ್ಷ. ಒಂದು ಪ್ರಶ್ನೆ ಕೇಳೋಕೆ ಹೋಗಿ ನಲವತ್ತು ವರ್ಷ!

ಹೋದ ವಾರ ಅಪ್ಪನಿಗೆ ಇದೆಲ್ಲ ಫೋನಲ್ಲಿ ರಿಪೋರ್ಟ್ ಒಪ್ಪಿಸಿದೆ. ಎಷ್ಟು ಮನೆ: ಮೂವತ್ತು, ಹದಿನೈದರ ಆಸುಪಾಸು, ನಾಲ್ಕು, ಸೊನ್ನೆ. ಯಾವಾಗ: 1500ರ ಹೊತ್ತಿಗೆ, ಆದ್ರೆ ಶುರುವಾಗಿದ್ದು ನೂರು ವರ್ಷ ಮೊದ್ಲೇ. ಯಾಕೆ: ಬಹಳ ಜನ ಒಳ್ಳೇ ಜಾಗ ಸಿಕ್ಕಿ ಹೋದ್ರು, ಉಳಿದ ನಾಲ್ಕನ್ನ ಎಬ್ಬಿಸಿದ್ರು. ಜಮೀನು: ಪರ್ಸಿಯಿಂದ ಹಿಲ್ಟನ್‌ಗೆ, ಆಮೇಲೆ ಕೈ ಬದಲಾಗ್ತಾ ಬದಲಾಗ್ತಾ, ಅಗೆತದ ಕಾಲಕ್ಕೆ ಬರ್ಡ್‌ಸಲ್ ಅನ್ನೋ ಪಕ್ಕದೂರಿನ ಲಾರ್ಡ್ ಮಿಡಲ್ಟನ್ ಎಸ್ಟೇಟಿಗೆ, ಈಗ ಆ ಜಾಗ ನೋಡ್ಕೊಳ್ಳೋದು ಇಂಗ್ಲಿಷ್ ಹೆರಿಟೇಜ್.

ಅಪ್ಪ ಎಲ್ಲಾ ಕೇಳಿ "ಆ ನಲವತ್ತು ವರ್ಷ ಅಗೆದೋರು ರಾತ್ರಿ ಎಲ್ಲಿ ಇರ್ತಿದ್ರು" ಅಂದ್ರು.

"ಅಲ್ಲೇ ಅಪ್ಪ, ಆ ಕಾಟೇಜೇ ಅವರ ಠಿಕಾಣಿ."

"ಹಂಗಾದ್ರೆ ಬೇಚರಾಕ್ ಅಂತ ಬರೆಯೋಕೆ ಬರಲ್ಲ" ಅಂದ್ರು. "ದೀಪ ಹಚ್ಚಿದಾರಲ್ಲೋ."